ಎಂಟನೇ ನಿಮಿಷ

ಬೈತಖೋಲದ ಬರ್ಫಿನ ಕಾರ್ಖಾನೆಯಲ್ಲಿ
ರಾತ್ರಿಯಿಡೀ ದುಡಿದು ಬರುವ ಸುಲಭಾ ಹರಿಕಂತ್ರಗೆ
ಹಗಲೇ ನಿದ್ದೆ.
ಮೇ ತಿಂಗಳ ಹಗಲು, ತಗಡಿನ ಮಾಡು.
ಅದಕ್ಕೇ ಈ ಎಸಿ: ವರ್ಗವಾಗಿ ಹೊರಟ
ನೌಕಾನೆಲೆಯ ಸಾಹೇಬರೊಬ್ಬರು
ಅರ್ಧ ಬೆಲೆಗೆ ಬಿಟ್ಟುಹೋದದ್ದು.

"ಎಂಟೇ ನಿಮಿಷ, ಇನಾಸ್ ಮಾಮ.
ಎಂಟಕ್ಕೆ ಸರಿಯಾಗಿ ಕಂಪ್ರೆಸರ್ ಬಂದ್.
ಆಮೇಲೆ ಬರೀ ಫ್ಯಾನು,
ಇದ್ದ ಸೆಕೆಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತದೆ.
ಮೂರು ಸಲ ಗ್ಯಾಸ್ ತುಂಬಿಸಿದೆ.
ಮೂವರೂ ನೋಟು ಎಣಿಸಿಕೊಂಡೇ ಹೋದರು."

ಗ್ಯಾಸ್ ಎನ್ನುವುದು ನಮ್ಮ ಕಸುಬಿನ ದೊಡ್ಡ ದೇವರು.
ಕಾರಣ ತಿಳಿಯದಿದ್ದರೆ ಅವನ ಮೇಲೆ ಹಾಕಬಹುದು.

ನಾನು ಮೊದಲು ಪೈಪು ಮುಟ್ಟಬೇಕಿತ್ತು.
ಮುಟ್ಟಿದೆ. ಏನೂ ಹೇಳಲಿಲ್ಲ ಬೆರಳು.
ಇಪ್ಪತ್ತಾರು ವರ್ಷ ತಾಮ್ರಕ್ಕೆ ಬೆಸುಗೆ ಹಾಕಿ
ಬೆರಳ ತುದಿಗಳು ಗೊರಸಾಗಿವೆ;
ಮೇಲೆ ಸಕ್ಕರೆ ಕಾಯಿಲೆ ಬೇರೆ.
ಯಾರಿಗೂ ಹೇಳಿಲ್ಲ. ತಂಪು ತಿಳಿಯದ ಕೈಗೆ
ಎಸಿ ರಿಪೇರಿ ಕೊಡುವವರು ಯಾರು?

"ಪ್ರಣಾಲಿ, ಬಾ ಇಲ್ಲಿ. ಈ ಪೈಪು ಹಿಡಿ. ಹೇಗಿದೆ?"
ಮೂರನೇ ಕ್ಲಾಸಿನ ಹುಡುಗಿ
ಹಿಡಿದು, ಬಿಟ್ಟು, ಲಂಗಕ್ಕೆ ಒರೆಸಿಕೊಂಡಳು.
"ಅವ್ವ ಬೆಳಿಗ್ಗೆ ಬಂದು ಕೆನ್ನೆ ಮುಟ್ಟಿದ ಹಾಗೆ."

ಸಾಕು. ಗ್ಯಾಸ್ ಸರಿಯಿದೆ.

ಕರೆಂಟು ತೆಗೆದು ಮುಚ್ಚಳ ಬಿಚ್ಚಿದೆ.
ಕಾಯಿಲಿನ ಮುಂದೆ, ಎರಡೆಳೆ ತಂತಿಯ ತುದಿಗೆ
ಕಾಳುಮೆಣಸಿನಷ್ಟು ಕಪ್ಪು ತಲೆ. ಅದೇ ಸೆನ್ಸರು.
ಅದರ ಗುಣ ವಿಚಿತ್ರ: ಸೆಕೆಯಾದರೆ ಸಡಿಲ,
ಚಳಿಯಾದರೆ ಬಿಗಿ.
ಇಪ್ಪತ್ತೈದು ಡಿಗ್ರಿಗೆ ಹತ್ತು ಸಾವಿರ ಓಮ್,
ಅಲ್ಲಿಂದ ಬಿಸಿ ಏರಿದಂತೆ ಲೆಕ್ಕ ಇಳಿಯುತ್ತದೆ.

ಗೋಡೆಯ ಗಾಜಿನ ಕೊಳವೆಯಲ್ಲಿ ಮೂವತ್ತೊಂದು.
ಪ್ಲಗ್ಗಿನ ಬಾಯಿಗೆ ಮೀಟರಿಟ್ಟೆ.
ಹತ್ತು ಸಾವಿರ.
ಅಂದರೆ ನಾವು ಮೂವರೂ ಬೆವರುತ್ತ ನಿಂತ ಕೋಣೆಯಲ್ಲಿ
ಯಂತ್ರಕ್ಕೆ ಮಾತ್ರ ಇಪ್ಪತ್ತೈದು.
ಇನ್ನೊಂದೇ ಡಿಗ್ರಿ ಇಳಿದರೆ ಕೆಲಸ ಮುಗಿಯಿತು ಎಂದು
ಅದು ಪ್ರಾಮಾಣಿಕವಾಗಿಯೇ ನಿಲ್ಲುತ್ತಿತ್ತು.

"ಹಾಗಾದರೆ ಸೆನ್ಸರ್ ಸುಳ್ಳು ಹೇಳುತ್ತದಾ?"
"ನಿಲ್ಲು ತಂಗಿ. ಬರ್ಫು ಉಂಟಾ?"
ಸುಲಭಾ ನಕ್ಕಳು, ಆ ದಿನ ಒಂದೇ ಸಲ.
ಆ ಮನೆಯಲ್ಲಿ ಬರ್ಫು ಕೇಳುವುದೇ!

ಸ್ಟೀಲಿನ ಲೋಟದಲ್ಲಿ ಬರ್ಫು ಕುಟ್ಟಿ, ನೀರು ಸೇರಿಸಿ,
ಕಪ್ಪು ತಲೆಯನ್ನು ಮುಳುಗಿಸಿದೆ.
ಪ್ಲಗ್ಗಿನಲ್ಲಲ್ಲ, ತಲೆಯ ಬುಡದಲ್ಲೇ
ತಂತಿಗೆ ಸೂಜಿ ಚುಚ್ಚಿ ಅಳೆದೆ.
ಮೂವತ್ತೆರಡೂವರೆ ಸಾವಿರ. ಸರಿ.
ಒರೆಸಿ ಪ್ರಣಾಲಿಯ ಮುಷ್ಟಿಯಲ್ಲಿಟ್ಟೆ:
ಸರಸರ ಇಳಿದು ಏಳು ಸಾವಿರದ ಹತ್ತಿರ ನಿಂತಿತು.
ಅದೂ ಸರಿ.
ಸುಳ್ಳು ಅದರದ್ದಲ್ಲ.

ಪ್ಲಗ್ಗಿನ ಒಳಗೆ, ಪಿನ್ನಿನ ಮೇಲೆ
ಪಾಚಿಯಂಥ ಹಸಿರು.
ಕಿಟಕಿಯಿಂದ ಬಂದ ಕಡಲು, ಸ್ವಲ್ಪ ಸ್ವಲ್ಪವೇ,
ಸಾಸಿವೆಯಷ್ಟು ಜಾಗದಲ್ಲಿ ಕೂತು
ದಾಟುವ ಪ್ರತಿ ಮಾತಿಗೂ
ಎರಡು ಸಾವಿರದ ಮೇಲೆ ಸುಂಕ ಸೇರಿಸುತ್ತಿತ್ತು.

ಕತ್ತರಿಸಿದೆ. ಹೊಸ ಪಿನ್ನು, ಬೆಸುಗೆ, ಒಂದಿಷ್ಟು ಗ್ರೀಸು.
ಎಂಟು ನಿಮಿಷ ಕಾದೆವು.
ಒಂಬತ್ತು. ಹನ್ನೆರಡು.
ಹದಿನೈದಕ್ಕೆ ತಿರುಗಿ ನೋಡಿದರೆ
ಸುಲಭಾ ಗೋಡೆಗೆ ಒರಗಿ
ಕೂತಲ್ಲೇ ನಿದ್ದೆ ಹೋಗಿದ್ದಳು, ಬಾಯಿ ತುಸು ತೆರೆದು.

ದುಡ್ಡು ಆಮೇಲೆ ಎಂದು ಸನ್ನೆ ಮಾಡಿದೆ.
ಹುಡುಗಿ ಪಿಸುಗುಟ್ಟಿದಳು:
"ಮಾಮ, ಪೈಪು ನೀವೇ ಯಾಕೆ ಮುಟ್ಟಿ ನೋಡಲಿಲ್ಲ?"
"ನೋಡಿದೆನಲ್ಲ," ಎಂದೆ.

ಹೊರಗೆ ಬಂದರೆ ಕಟ್ಟೆಯ ಮೇಲೆ ಆ ಲೋಟ,
ಬರ್ಫು ಇನ್ನೂ ಕರಗಿರಲಿಲ್ಲ.
ಅತ್ತಿತ್ತ ನೋಡಿ ತೋರುಬೆರಳು ಅದ್ದಿದೆ.
ಒಂದು, ಎರಡು, ಮೂರು…
ಧಕ್ಕೆಯಲ್ಲಿ ಯಾವುದೋ ಬೋಟು ಇಂಜಿನ್ ಶುರು ಮಾಡಿತು.
ಹನ್ನೊಂದಕ್ಕೆ,
ಎಲ್ಲೋ ಗೆಣ್ಣಿನ ಹತ್ತಿರ,
ಚಳಿ.